ಹೊನ್ನಾಳಿ ಕಡೆಯ ಕುತ್ತಿಗೆ

ಆ ದಿನ ಬೆಳಿಗ್ಗೆ ಟೈಲರ್ ಗುರುಬಸವರಾಜನ ಕುತ್ತಿಗೆ ಹೊನ್ನಾಳಿ ಕಡೆಗೆ ತಿರುಗಿದ್ದು ವಾಪಸ್ಸು ಬರಲಿಲ್ಲ.

ತಿರುಗುವುದೇನೂ ಹೊಸದಲ್ಲ. ನ್ಯಾಮತಿಯ ಬಸ್ ಸ್ಟಾಪಿನ ಎದುರಿಗೆ ‘ಸಂಧ್ಯಾ ಲೇಡೀಸ್ ಟೈಲರ್’ ಎಂಬ ಅಂಗಡಿಯಲ್ಲಿ ಅವನು ರಸ್ತೆಗೆ ಮುಖ ಮಾಡಿ ಕೂರುತ್ತಿದ್ದ. ಹೊನ್ನಾಳಿ ಕಡೆಯಿಂದ ಬಸ್ಸು ಬಂದ ಸದ್ದಾದರೆ ಸಾಕು, ಕಾಲು ಮಷೀನು ತುಳಿಯುತ್ತಲೇ ಇರುತ್ತಿತ್ತು, ಕೈ ಬಟ್ಟೆ ನೂಕುತ್ತಲೇ ಇರುತ್ತಿತ್ತು, ಕುತ್ತಿಗೆ ಮಾತ್ರ ಎಡಕ್ಕೆ ಹೊರಡುತ್ತಿತ್ತು. ಇಳಿಯುವ ಹೆಂಗಸರನ್ನೆಲ್ಲ ಒಂದು ಸಲ ನೋಡಿ, ಅವರಲ್ಲಿ ತನ್ನ ಹೆಂಡತಿ ಸಂಧ್ಯಾರಾಣಿ ಇಲ್ಲವೆಂದು ಖಾತ್ರಿಯಾದ ಮೇಲೆ ಪೆಚ್ಚಾಗಿ ಮರಳುತ್ತಿತ್ತು. ಅವಳು ಆ ದಾರಿ ಹಿಡಿದು ತವರಿಗೆ ಹೋದಾಗಿನಿಂದ ಇದೇ ಕಸರತ್ತು. ಈಚೆಗೆ ಕುತ್ತಿಗೆ ನೋಯತೊಡಗಿದರೂ ಬಿಟ್ಟಿರಲಿಲ್ಲ. ಕೆಲವರು ಅವನ ನೋಟವನ್ನು ತಪ್ಪು ತಿಳಿದು ಸೆರಗು ಸರಿಮಾಡಿಕೊಂಡದ್ದೂ ಉಂಟು. ಪಾಪ, ಅವನು ನೋಡುತ್ತಿದ್ದದ್ದು ಹೆಗಲನ್ನು ಮಾತ್ರ. ಸಂಧ್ಯಾರಾಣಿಯ ಬಲ ಹೆಗಲು ಎಡಕ್ಕಿಂತ ಒಂದು ಚೂರು ಇಳಿಜಾರು. ಇಡೀ ಊರಿನಲ್ಲಿ ಟೇಪು ಹಿಡಿಯದೆ ಅವನು ಬ್ಲೌಸು ಹೊಲಿಯಬಲ್ಲ ಹೆಗಲು ಅದೊಂದೇ.

ಹೊಲಿಯಬಲ್ಲ, ಆದರೆ ಹೊಲಿದಿರಲಿಲ್ಲ. ಜಗಳವಾದದ್ದೇ ಅದಕ್ಕೆ.

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಸಂಧ್ಯಾರಾಣಿಯ ತಮ್ಮನ ಮನೆಯ ಗೃಹಪ್ರವೇಶವಿತ್ತು. ಅದಕ್ಕೆಂದು ಅವಳು ಗಿಳಿಹಸಿರು ಬಣ್ಣದ, ಕೆಂಪು ಅಂಚಿನ ಬ್ಲೌಸ್ ಪೀಸೊಂದನ್ನು ತಂದು ಗಂಡನ ಮುಂದಿಟ್ಟಿದ್ದಳು. ಮದುವೆಗಳ ಸೀಸನ್ನು ಬೇರೆ. ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಗೆ ಅಂಟಿಕೊಂಡಿದ್ದ “ನಾಳೆ” ಎಂಬ ಮಾತನ್ನೇ ಗುರುಬಸವರಾಜ್ ಹೆಂಡತಿಗೂ ಹೇಳುತ್ತ ಬಂದ. ಊರಿಗೆ ಹೊರಡುವ ದಿನವೂ ಅಭ್ಯಾಸ ಬಲದಿಂದ “ನಾಳೆ” ಎಂದುಬಿಟ್ಟ. ಅವಳು ಅಂಗಡಿಗೇ ಬಂದಳು. ಬಟ್ಟೆಯ ಗುಡ್ಡೆಯ ಅಡಿಯಿಂದ ತನ್ನ ಪೀಸನ್ನು ಎಳೆದುಕೊಂಡಳು. “ಊರಿನ ಹೆಂಗಸರಿಗೆಲ್ಲ ಹೊಲೀರಿ. ಬೋರ್ಡಿನಾಗೆ ನನ್ನ ಹೆಸರು ಐತಲ್ಲ, ನನಗಷ್ಟು ಸಾಕು” ಎಂದು ಹಳೆಯ ಬ್ಲೌಸಿನಲ್ಲೇ ಬಸ್ಸು ಹತ್ತಿದಳು. ಗೃಹಪ್ರವೇಶ ಮುಗಿಯಿತು, ಯುಗಾದಿಯೂ ಮುಗಿಯಿತು, ಅವಳು ಬರಲಿಲ್ಲ.

ಮುನಿಸಿಕೊಂಡು ತವರಿಗೆ ಹೋದವಳನ್ನು ಗಂಡನೇ ಹೋಗಿ ಕರೆದುಕೊಂಡು ಬರಬೇಕು. ಕರೆಯದೆ ತಾನಾಗಿಯೇ ಬರುವುದು ಆ ಕಡೆಯ ಹೆಣ್ಣುಮಕ್ಕಳಿಗೆ ದೊಡ್ಡ ಅವಮಾನ. ಗುರುಬಸವರಾಜನಿಗೂ ಹೋಗುವ ಆಸೆ ಗಂಟಲಿನವರೆಗೆ ಬಂದು ನಿಂತಿತ್ತು. ಆದರೆ ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, “ಬ್ಲೌಸು ಎಲ್ಲಿ ಅಳಿಯಂದ್ರೇ?” ಎಂದು ನಾಲ್ಕು ಜನ ಕೇಳಿದರೆ ಏನು ಹೇಳುವುದು? ಆ ಪೀಸನ್ನು ಬಿಟ್ಟು ಹೋಗಿದ್ದರೂ ಆಗುತ್ತಿತ್ತು. ಮಷೀನು ಬಿಟ್ಟು ಏಳದೆ ಹೊಲಿದು, ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ಅದೂ ಇಲ್ಲ. ಹಾಗಾಗಿ ಅವಳೇ ಬರಲಿ ಎಂದು ಕಾದ. ಹೆಂಗಸರಿಗೆ ಟಿಕೆಟ್ಟೇ ಬೇಡ ಎಂದು ಸರ್ಕಾರವೇ ಹೇಳಿದರೂ ಇವಳು ಬಸ್ಸು ಹತ್ತಲಿಲ್ಲವಲ್ಲ ಎಂಬುದು ಅವನ ಸಂಕಟ.

ಬರದಿದ್ದರೆ ಬೇಡ, ಫೋನಾದರೂ ಮಾಡಬಹುದಿತ್ತು. ಅವನ ಫೋನು ಹಿಂದೊಮ್ಮೆ ಇಸ್ತ್ರಿಗೆ ಇಟ್ಟಿದ್ದ ನೀರಿನ ಬಕೆಟ್ಟಿಗೆ ಬಿದ್ದು ಗಂಟಲು ಕೆಡಿಸಿಕೊಂಡಿತ್ತು. ಯಾರಾದರೂ ಕರೆದರೆ ಸೊಳ್ಳೆಯ ಹಾಗೆ “ಕುಂಯ್” ಎನ್ನುತ್ತಿತ್ತು, ಅಷ್ಟೆ. ಅವನು ಕಿವಿಯನ್ನೆಲ್ಲ ಆ ಕುಂಯ್‌ಗೇ ಮೀಸಲಿಟ್ಟು ಕೂತ. ಹಾಗೆ ಕೂತೂ ಕೂತೂ ಕಿವಿಯೇ “ಕುಂಯ್” ಎನ್ನತೊಡಗಿತು. ಅಂದಾಗಲೆಲ್ಲ ಅವನು ಬಟ್ಟೆ ಬಿಸಾಡಿ ಫೋನು ತೆಗೆದು ನೋಡುವನು. ಏನೂ ಇರುತ್ತಿರಲಿಲ್ಲ. ಒರೆಸಿ ವಾಪಸ್ಸು ಇಡುವನು.

ಇಷ್ಟೆಲ್ಲದರ ಮೇಲೆ ಆ ಬೆಳಿಗ್ಗೆ ಬಸ್ಸು ಬಂತು. ಕುತ್ತಿಗೆ ಹೊರಟಿತು. ಲಟಕ್ಕೆಂದಿತು. ರಸ್ತೆ, ಬಸ್ಸು, ಎದುರಿನ ಟೀ ಅಂಗಡಿ ಎಲ್ಲವೂ ಒಂದು ಸುತ್ತು ಗಿರ್ರನೆ ತಿರುಗಿ ಬಂದವು. ಗುರುಬಸವರಾಜ್ ಮಷೀನು ತಬ್ಬಿಕೊಂಡ. ತಬ್ಬಿಕೊಂಡಾಗಲೂ ಕಾಲು ತುಳಿಯುತ್ತಲೇ ಇದ್ದುದರಿಂದ, ಗಿರಾಕಿ ಪ್ರಮೀಳಾ ಅವರ ಬ್ಲೌಸಿನ ತೋಳು ಹೋಗಿ ಕುತ್ತಿಗೆಗೆ ಹೊಲಿಗೆಯಾಯಿತು.

“ಸುಬಾನಸಾಬ್ರೇ!” ಎಂದು ಕೂಗಿದ. ಮುಖ ಹೊನ್ನಾಳಿಗಿತ್ತು, ಕೂಗು ಸವಳಂಗದ ಕಡೆಗಿತ್ತು.

ಪಕ್ಕದ ಅಂಗಡಿಯ ಸುಬಾನಸಾಬ ಗಾದಿ ಹೊಲಿಯುವವರು. ಗಡ್ಡದಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಓಡಿ ಬಂದರು.

“ಏನಾತು ಗುರಣ್ಣಾ? ಆ ಕಡೆ ಯಾರನ್ನ ನೋಡ್ತಾ ಇದೀಯ?”

“ಯಾರನ್ನೂ ಇಲ್ರೀ. ಕುತ್ತಿಗೆ ಅಲ್ಲೇ ನಿಂತೈತೆ. ತಲೆ ತಿರುಗ್ತೈತೆ. ಕಿವಿ ಕುಂಯ್ ಅಂತೈತೆ.”

“ದಿಂಬು!” ಎಂದರು ಸುಬಾನಸಾಬ. ಅವರ ಪ್ರಕಾರ ಜಗತ್ತಿನ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ದಿಂಬಿನಿಂದ, ಉಳಿದದ್ದು ಗಾದಿಯಿಂದ ಬರುತ್ತವೆ. “ನಾನು ಅವತ್ತೇ ಹೇಳ್ದೆ. ಆ ಗಟ್ಟಿ ದಿಂಬು ಬಿಡು, ನಾನೊಂದು ಮೆತ್ತಂದು ಹೊಲಿದ್ಕೊಡ್ತೀನಿ ಅಂತ.”

ಎದುರಿನ ಟೀ ಅಂಗಡಿಯ ಮಹೇಶ್ವರಪ್ಪ ಲೋಟ ತೊಳೆಯುತ್ತಲೇ ರಸ್ತೆಯಾಚೆಯಿಂದ ತೀರ್ಪು ಕೊಟ್ಟರು: “ಅದು ಪಿತ್ತ ಕಣ್ರೀ! ಖಾಲಿ ಹೊಟ್ಟೇಲಿ ಟೀ ಮೇಲೆ ಟೀ ಕುಡಿದ್ರೆ ಇನ್ನೇನಾಗ್ತೈತೆ?” ಆ ಟೀಗಳನ್ನೆಲ್ಲ ಮಾರಿದವರು ತಾವೇ ಎಂಬುದು ಅವರಿಗೆ ನೆನಪಿರಲಿಲ್ಲ. “ಕಟಿಂಗ್ ಶಾಪಿಗೆ ಕರ್ಕೊಂಡ್ ಹೋಗ್ರಿ, ಎರಡೂ ಕಡೆ ಕುತ್ತಿಗೆ ಲಟಕ್ ಅನಿಸಿದ್ರೆ ನೆಟ್ಟಗಾಗ್ತೈತೆ!”

ಅಷ್ಟರಲ್ಲಿ ಗುರುಬಸವರಾಜನ ಮನೆಯ ಪಕ್ಕದ ಅನ್ನಪೂರ್ಣಮ್ಮ ತರಕಾರಿ ಚೀಲದೊಂದಿಗೆ ಬಂದರು. ಆಕೆ ಒಂದು ಸುದ್ದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಂದು ಗಳಿಗೆ ಇರಲಾರದವರು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಚನ್ನಗಿರಿಯಲ್ಲಿರುವ ಅವರ ಮಗಳಿಗೆ ಒಲೆ ಆರುವ ಮೊದಲೇ ಗೊತ್ತಾಗುತ್ತಿತ್ತು.

“ದೃಷ್ಟಿ ಕಣಪ್ಪಾ. ಒಬ್ನೇ ಇರೋ ಗಂಡಸಿಗೆ ದೃಷ್ಟಿ ಬೇಗ ತಾಕ್ತೈತೆ,” ಎಂದವರು ಅವನ ಮುಖ ನೋಡಿ ದನಿ ತಗ್ಗಿಸಿದರು. “ಹೋಗ್ಲಿ, ಮೊದಲು ಡಾಕ್ಟ್ರಿಗೆ ತೋರಿಸೋಣ ನಡಿ. ನಾನೂ ಬರ್ತೀನಿ. ನೀನು ಎಲ್ಲಾ ಸರಿಯಾಗಿ ಹೇಳಲ್ಲ.”

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಅನ್ನಪೂರ್ಣಮ್ಮ, ನಡುವೆ ಎಡಕ್ಕೆ ನೋಡುತ್ತ ಬಲಕ್ಕೆ ನಡೆಯುವ ಗುರುಬಸವರಾಜ್, ಹಿಂದೆ ಅವನು ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡ ಸುಬಾನಸಾಬ. ಮಹೇಶ್ವರಪ್ಪನವರಿಗೆ ಒಲೆ ಬಿಟ್ಟು ಬರುವ ಹಾಗಿರಲಿಲ್ಲ.

ಡಾಕ್ಟರ್ ಆಶಾ ಸಮಾಧಾನದ ಹೆಂಗಸು. ರಕ್ತದೊತ್ತಡ ನೋಡಿದರು, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಬೆರಳು ಆಡಿಸಿ ಕಣ್ಣು ನೋಡಿದರು, ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಪರೀಕ್ಷಿಸಿದರು. ಕುತ್ತಿಗೆಯ ಬುಡವನ್ನು ಮೆಲ್ಲಗೆ ಒತ್ತಿದಾಗ ಗುರುಬಸವರಾಜ್ ಅಯ್ಯಯ್ಯೋ ಎಂದ. ಅದೊಂದೇ ಉತ್ತರ ಅವನದು. ಉಳಿದದ್ದೆಲ್ಲ ಜೊತೆಗಿದ್ದವರದು.

“ಊಟ ಹೊತ್ತಿಗೆ ಸರಿಯಾಗಿ ಮಾಡ್ತೀರಾ?”

“ಎಲ್ಲೈತೆ ಊಟ, ಮೇಡಂ? ಬನ್ನು, ಟೀ,” ಎಂದರು ಅನ್ನಪೂರ್ಣಮ್ಮ.

“ನಿದ್ದೆ?”

“ದಿಂಬಿನ ಮೇಲೆ ದಿಂಬು ಹಾಕ್ಕೊಂಡು ಕಿಟಕಿಯಿಂದ ರಸ್ತೆ ನೋಡ್ತಾ ಮಲಗ್ತಾನೆ,” ಎಂದರು ಸುಬಾನಸಾಬ.

“ಯಾವ ಕಡೆ ತಿರುಗಿದಾಗ ನೋವು ಜಾಸ್ತಿ?”

“ಹೊನ್ನಾಳಿ ಕಡೆ,” ಎಂದರು ಇಬ್ಬರೂ ಒಟ್ಟಿಗೆ.

ಡಾಕ್ಟರು ಪೆನ್ನು ಕೆಳಗಿಟ್ಟು ಗುರುಬಸವರಾಜನನ್ನು ನೋಡಿದರು. “ಮನೆಯವರು ಎಲ್ಲಿದ್ದಾರೆ?”

ಈ ಪ್ರಶ್ನೆಗೆ ಮಾತ್ರ ಯಾರೂ ಬಾಯಿ ಹಾಕಲಿಲ್ಲ. “ತವರಿಗೆ ಹೋಗ್ಯಾಳ್ರೀ,” ಎಂದ ಗುರುಬಸವರಾಜ್. ಹೇಳುವಾಗ ಅವನ ಗಂಟಲು ಫೋನಿನ ಗಂಟಲಿನಂತೆಯೇ ಆಗಿತ್ತು.

“ನೋಡಿ,” ಎಂದರು ಡಾಕ್ಟರು, “ತಲೆ ತಿರುಗೋದಕ್ಕೆ, ಕಿವಿ ಗುಂಯ್ ಅನ್ನೋದಕ್ಕೆ ನೂರು ಕಾರಣ ಇರುತ್ತೆ. ಬಿ.ಪಿ., ಸಕ್ಕರೆ, ರಕ್ತ ಕಡಿಮೆ ಇರೋದು, ಕಿವಿಯೊಳಗಿನ ತೊಂದರೆ. ನಿಮಗೆ ಸದ್ಯಕ್ಕೆ ಅಂಥದ್ದೇನೂ ಕಾಣ್ತಿಲ್ಲ. ಬಗ್ಗಿ ಬಗ್ಗಿ ಹೊಲಿದು, ಒಂದೇ ಕಡೆ ತಿರುಗಿ ತಿರುಗಿ ಕುತ್ತಿಗೆ ಸ್ನಾಯು ಬಿಗಿದುಕೊಂಡಿದೆ. ಮೇಲೆ ಊಟ ಇಲ್ಲ, ನಿದ್ದೆ ಇಲ್ಲ. ಆಗಾಗ ಎದ್ದು ಓಡಾಡಿ. ತೆಳ್ಳಗಿನ ದಿಂಬು ಸಾಕು. ಬಿಸಿ ಶಾಖ ಕೊಡಿ. ನೀರು ಕುಡೀರಿ, ಟೀ ಕಡಿಮೆ ಮಾಡಿ. ಕೂತಲ್ಲಿಂದ ದಡಕ್ಕನೆ ಏಳಬೇಡಿ, ನಿಧಾನಕ್ಕೆ ಏಳಿ. ಕುತ್ತಿಗೆ ಲಟಕ್ ಅನಿಸೋಕಂತೂ ಯಾರ ಕೈಗೂ ಕೊಡಬೇಡಿ.”

“ಕಿವಿದು, ಮೇಡಂ?” ಎಂದ ಗುರುಬಸವರಾಜ್. “ಫೋನು ಬಂದಂಗೇ ಆಗ್ತೈತೆ.”

“ಆ ಸದ್ದನ್ನ ಕಾಯ್ತಾ ಕೂತರೆ ಅದು ಜೋರಾಗುತ್ತೆ. ಗಮನ ಕೊಡಬೇಡಿ, ಬೇರೆ ಕೆಲಸದಲ್ಲಿರಿ, ಕಡಿಮೆಯಾಗುತ್ತೆ. ಕಿವಿ ಮಂದ ಆದರೆ, ಮಾತು ತೊದಲಿದರೆ, ಕೈಕಾಲು ಸೋತಂತಾದರೆ ಮಾತ್ರ ಕೂಡಲೇ ಬನ್ನಿ.” ಆಮೇಲೆ ಚೀಟಿ ಬರೆಯುತ್ತ, ತಲೆಯೆತ್ತದೆ, “ಹೋಗಿ ಅವರನ್ನ ಕರ್ಕೊಂಡು ಬಂದುಬಿಡಿ. ಅದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ” ಎಂದರು.

ಆ ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಜೊತೆಗಿದ್ದವರು ಅಕ್ಷರಶಃ ಜಾರಿಗೆ ತಂದರು. ತಿಂಡಿ ತಿನ್ನಿಸಿದರು, ಮಾತ್ರೆ ನುಂಗಿಸಿದರು. ಬಿಸಿ ಬಟ್ಟೆಯ ಶಾಖ ತಾಗಿದ ಮೇಲೆ ಕುತ್ತಿಗೆ ಮೆಲ್ಲಗೆ ನೇರಕ್ಕೆ ಬಂತು. ಸುಬಾನಸಾಬರಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಪಟ್ಟಿ ಕಟ್ಟಲು ಡಾಕ್ಟರು ಮರೆತಿದ್ದಾರೆ ಎಂದು ತಾವೇ ತೀರ್ಮಾನಿಸಿ, ಹೂವಿನ ಚಿತ್ತಾರದ ಗಾದಿ ಬಟ್ಟೆಯೊಳಗೆ ಹತ್ತಿ ತುಂಬಿ, ಉರುಳುದಿಂಬಿನಂಥದ್ದೊಂದನ್ನು ಹೊಲಿದು ಅವನ ಕೊರಳಿಗೆ ಸುತ್ತಿ ದಾರ ಬಿಗಿದರು. ಹೋರಿಗೆ ಸಿಂಗಾರ ಮಾಡಿದ ಹಾಗಾಯಿತು.

“ಇನ್ನು ಆ ಕಡೆ ತಿರುಗೋದು,” ಎಂದರು ಸುಬಾನಸಾಬ. “ರಸ್ತೆ ಎದುರಿಗಿದ್ರೆ ನೀನು ತಿರುಗ್ತೀಯ. ನಿನ್ನ ನಂಬಾಕೆ ಆಗಲ್ಲ. ಹಿಡಿ ಮಷೀನು.”

“ಬ್ಯಾಡ್ರೀ ಸಾಬ್ರೇ! ನನಗೆ ಬೆಳಕು ಬೇಕು.”

“ಲೈಟು ಹಾಕ್ಕೋ.”

ಮಷೀನನ್ನು ಎತ್ತಿ ಗೋಡೆಯ ಕಡೆಗೆ ತಿರುಗಿಸಿಯೇ ಬಿಟ್ಟರು. ಈಗ ಗುರುಬಸವರಾಜನ ಬೆನ್ನು ರಸ್ತೆಗೆ. ಎದುರಿಗೆ ಹೋದ ವರ್ಷದ ಕ್ಯಾಲೆಂಡರು. ಫೋನನ್ನು ಅನ್ನಪೂರ್ಣಮ್ಮ ಕಿತ್ತುಕೊಂಡು ಬಟ್ಟೆಯ ಗುಡ್ಡೆಯೊಳಗೆ ಹುದುಗಿಸಿದರು. “ಕುಂಯ್ ಅಂದ್ರೆ ಮುಟ್ಟಬಾರದು ನೋಡು. ಡಾಕ್ಟ್ರು ಹೇಳಿದ್ದು ಕೇಳಿದೀಯಲ್ಲ? ಅದು ಕಿವಿ, ಫೋನಲ್ಲ” ಎಂದು ತಾಕೀತು ಮಾಡಿ ಮನೆಗೆ ಹೋದರು.

ಗೋಡೆಗೆ ಮುಖ ಮಾಡಿ ಕೂತ ಮೇಲೆ ಗುರುಬಸವರಾಜನಿಗೆ ಮನೆ ಬಿಟ್ಟು ಬಂದಂತಾಯಿತು. ಹೊನ್ನಾಳಿ ಬಸ್ಸಿನ ಸದ್ದು ಬಂದಾಗ ಕುತ್ತಿಗೆ ಹತ್ತಿಯೊಳಗೆ ಒಮ್ಮೆ ಮಿಸುಕಾಡಿ ಸುಮ್ಮನಾಯಿತು. ಯಾರು ಇಳಿದರೋ, ಯಾವ ಹೆಗಲೋ. ಪ್ರಮೀಳಾ ಅವರ ಬ್ಲೌಸಿನ ಹೊಲಿಗೆ ಬಿಚ್ಚುತ್ತ ಕೂತ. ಈ ಹೊತ್ತಿಗೆ ಸಂಧ್ಯಾರಾಣಿ ಇದ್ದಿದ್ದರೆ ರೊಟ್ಟಿ ಬುತ್ತಿ ತಂದು, ಅಂಗಡಿಯ ಮೆಟ್ಟಿಲ ಮೇಲೆ ಕೂತು, ಅವನು ಉಣ್ಣುವವರೆಗೆ ಗುಂಡಿ ಹಚ್ಚಿ ಕೊಡುತ್ತಿದ್ದಳು. ಅವಳ ಕೈಹೊಲಿಗೆ ಎಂದರೆ ಎಡವಟ್ಟು, ಒಂದು ಉದ್ದ ಒಂದು ಗಿಡ್ಡ. ಅವನು ನಗುತ್ತಿದ್ದ. ಅವಳು ಹೋದ ಮೇಲೆ ಬಿಚ್ಚಿ ಮತ್ತೆ ಹಚ್ಚುತ್ತಿದ್ದ. ಈಗ ಆ ಎಡವಟ್ಟು ಹೊಲಿಗೆಯ ಒಂದು ಗುಂಡಿಯಾದರೂ ಅಂಗಡಿಯಲ್ಲಿ ಉಳಿದಿದ್ದರೆ ಎನ್ನಿಸಿ ಅವನ ಕಣ್ಣು ಮಂಜಾಯಿತು.

ಹೊತ್ತು ಇಳಿಯುತ್ತಿತ್ತು. ಇನ್ನೊಂದು ಬಸ್ಸು ಹೊನ್ನಾಳಿ ಕಡೆಯಿಂದ ಬಂದು, ನಿಂತು, ಹೋಯಿತು. ಸುಬಾನಸಾಬ ಅವನ ಮೇಲೆ ಒಂದು ಕಣ್ಣಿಡಲೆಂದು ಸ್ಟೂಲು ಎಳೆದುಕೊಂಡು ಗೋಡೆಗೆ ಒರಗಿ ಕೂತಿದ್ದರು.

“ಕುಂಯ್” ಎಂದಿತು.

ಗುರುಬಸವರಾಜನ ಕೈ ತಾನಾಗಿಯೇ ಬಟ್ಟೆಯ ಗುಡ್ಡೆಯ ಕಡೆಗೆ ಹೊರಟಿತು. ಸುಬಾನಸಾಬ ಗಜಕಡ್ಡಿಯಿಂದ ಮೆಲ್ಲಗೆ ತಟ್ಟಿದರು. “ಏನದು?”

“ಕಿವಿ,” ಎಂದ ಗುರುಬಸವರಾಜ್, ಕೈ ಹಿಂದಕ್ಕೆಳೆದುಕೊಂಡು.

“ನನಗೂ ಏನೋ ಕೇಳಿಸಿದಂಗಾತು.”

“ನಿಮಗೂ ವಯಸ್ಸಾತಲ್ರೀ ಸಾಬ್ರೇ.”

ಸುಬಾನಸಾಬ ಗಾಬರಿಯಾಗಿ ತಮ್ಮ ಕಿವಿಯೊಳಗೆ ಬೆರಳಿಟ್ಟು ಅಲ್ಲಾಡಿಸಿಕೊಂಡರು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮೊದಲಿಗಿಂತ ಉದ್ದವಾಗಿ. ಗುರುಬಸವರಾಜ್ ಹಲ್ಲು ಕಚ್ಚಿ ಬಿಚ್ಚುತ್ತಿದ್ದ ಹೊಲಿಗೆಯ ಮೇಲೆ ಕಣ್ಣು ನೆಟ್ಟ. ಹಣೆಯಲ್ಲಿ ಬೆವರು ಮೂಡಿತು. ಸದ್ದು ಕರೆದೂ ಕರೆದೂ ದಣಿದು ನಿಂತಿತು.

“ನೋಡಿದ್ರಾ? ನಾನು ಮುಟ್ಟಲಿಲ್ಲ!” ಎಂದು ತೊಡೆ ತಟ್ಟಿಕೊಂಡ.

“ಶಭಾಷ್!” ಎಂದು ಸುಬಾನಸಾಬ ಅವನ ಬೆನ್ನು ಚಪ್ಪರಿಸಿದರು. ಬಹಳ ದಿನಗಳ ಮೇಲೆ ಗುರುಬಸವರಾಜ್ ನಕ್ಕ. ಕೊರಳಿನ ಹೂವಿನ ದಿಂಬು ಕುಣಿಯುವ ಹಾಗೆ ನಕ್ಕ. ಅವನ ನಗು ನೋಡಿ ಸುಬಾನಸಾಬರೂ ಹೊಟ್ಟೆ ಹಿಡಿದುಕೊಂಡರು. ನಗುವಿನ ನಡುವೆಯೇ ಮೂರನೆಯ ಸಲ ಕುಂಯ್ ಎಂದಿತು, ಅರ್ಧಕ್ಕೇ ಕಡಿದು ಹೋಯಿತು.

ಆಮೇಲೆ ಸದ್ದೇ ಇಲ್ಲ. ಕಿವಿಯೊಳಗೆ ಮಳೆ ನಿಂತ ಹಾಗೆ ನಿಶ್ಶಬ್ದ. ಸವಳಂಗದ ಕಡೆಯಿಂದ ಬಂದ ಬಸ್ಸೊಂದು ಹೊನ್ನಾಳಿಯ ಹಾದಿ ಹಿಡಿದು ಹೋದದ್ದು ಕೂಡ ಸ್ಪಷ್ಟವಾಗಿ ಕೇಳಿಸಿತು.

“ವಾಸಿಯಾತು ಸಾಬ್ರೇ! ಪೂರಾ ವಾಸಿಯಾತು!” ಎಂದ.

ಆಗ ಮಹೇಶ್ವರಪ್ಪ ರಸ್ತೆ ದಾಟಿ ಬಂದರು. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಒಂದು ಕೈಚೀಲ. ಮುಖ ಮಾತ್ರ ಗಂಟು ಹಾಕಿಕೊಂಡಿತ್ತು.

“ಗುರಣ್ಣಾ, ಬೇಜಾರು ಮಾಡ್ಕೋಬ್ಯಾಡ, ಆದ್ರೂ ಕೇಳ್ತೀನಿ. ಗಂಡಸಿಗೆ ಇಷ್ಟು ಕಲ್ಲುಮನಸ್ಸು ಇರಬಾರದು.”

“ಯಾಕ್ರೀ?”

“ಆಯಮ್ಮ ಕರೀದೇ ಬಂದಿದ್ಲು. ಯಾರೂ ಕರೀದೇ! ಬಸ್ಸಿಳಿದು ನನ್ನ ಅಂಗಡಿ ಮುಂದೆ ನಿಂತ್ಲು. ನೀನು ನೋಡಿದ್ರೆ ಯಾವತ್ತೂ ಇಲ್ಲದ್ದು ಇವತ್ತು ಮಷೀನು ತಿರುಗಿಸಿ ರಸ್ತೆಗೆ ಬೆನ್ನು ಹಾಕಿ ಕೂತಿದೀಯ.”

ಗುರುಬಸವರಾಜನ ಕೈಯಿಂದ ಕತ್ತರಿ ಜಾರಿತು. “ಯಾರು?”

“ಇನ್ಯಾರು, ಸಂಧ್ಯಾರಾಣಿ! ‘ಯಾಕಣ್ಣಾ ಹಂಗೆ ಕೂತಾರೆ?’ ಅಂತ ಕೇಳಿದ್ಲು. ನನಗೇನು ಗೊತ್ತು? ಕುತ್ತಿಗೆ ನೆಟ್ಟಗಾಗೈತೆ, ಮಷೀನು ಯಾಕೆ ತಿರುಗಿಸಿದ್ರೋ ನನಗ್ಯಾರು ಹೇಳಿದ್ರು? ‘ಮಧ್ಯಾಹ್ನದಿಂದ ಹಿಂಗೇ ಕೂತಾನಮ್ಮ’ ಅಂದೆ. ಕೂಗಾಕೆ ಹೋದ್ರೆ ‘ಬ್ಯಾಡಣ್ಣಾ, ಇಷ್ಟು ದೂರ ನಾನು ಬಂದೀನಿ, ಈ ರಸ್ತೆ ಒಂದು ಅವರು ದಾಟಲಿ’ ಅಂದ್ಲು. ಫೋನ್ ಮಾಡಿದ್ಲು. ನೀನು ಎತ್ತಲಿಲ್ಲ. ಮತ್ತೆ ಮಾಡಿದ್ಲು. ನೀನು ತೊಡೆ ತಟ್ಕೊಂಡು ನಗಾಕೆ ಹತ್ತಿದೆ. ಮೂರನೇ ಸಲ ಅವಳೇ ಕಟ್ ಮಾಡಿ, ಈ ಚೀಲ ನನ್ನ ಕೈಗೆ ಕೊಟ್ಟು, ಹೊನ್ನಾಳಿ ಬಸ್ಸು ಹತ್ತಿದ್ಲು. ಕಣ್ಣಾಗೆ ನೀರಿತ್ತಪ್ಪ.”

ಸುಬಾನಸಾಬ ಸ್ಟೂಲಿನಿಂದ ಎದ್ದು ನಿಂತರು. ಗುರುಬಸವರಾಜ್ ಬಟ್ಟೆಯ ಗುಡ್ಡೆಯನ್ನೆಲ್ಲ ಕೆದರಿ ಫೋನು ಹುಡುಕಿ ತೆಗೆದ. ಸಂಧ್ಯಾರಾಣಿ, ಸಂಧ್ಯಾರಾಣಿ, ಸಂಧ್ಯಾರಾಣಿ ಎಂದು ಒಂದರ ಕೆಳಗೊಂದು ಅವಳ ಹೆಸರಿತ್ತು. ಕರೆ ಮಾಡಿದ. ಸ್ವಿಚ್ ಆಫ್.

ಸುದ್ದಿಯ ವಾಸನೆ ಹಿಡಿದು ಅನ್ನಪೂರ್ಣಮ್ಮ ಏದುಸಿರು ಬಿಡುತ್ತ ಬಂದರು. ಎಲ್ಲ ಕೇಳಿ ಸೆರಗನ್ನು ಬಾಯಿಗಿಟ್ಟುಕೊಂಡರು. “ಅಯ್ಯೋ ಶಿವನೇ! ನಿನ್ನೆ ಸಂಜೆ ನಾನೇ ಫೋನ್ ಮಾಡಿದ್ದೆ ಕಣಪ್ಪಾ ಅವಳಿಗೆ. ‘ನಿನ್ನ ಗಂಡ ಕುತ್ತಿಗೆ ನೋವಂತ ಒದ್ದಾಡ್ತಾನೆ, ದಾರಿ ನೋಡಿ ನೋಡಿ ಸೊರಗ್ಯಾನೆ’ ಅಂದಿದ್ದೆ. ಬರ್ತಾಳೆ ಅಂತ ನಾನೇನು ಕನಸು ಕಂಡಿದ್ನಾ?”

ಗುರುಬಸವರಾಜ್ ಚೀಲ ಬಿಚ್ಚಿದ. ಒಳಗೆ ಒಂದು ಶಾಖದ ಗಂಟಿತ್ತು. ಕುತ್ತಿಗೆಯ ಸುತ್ತ ಹಾಕಿಕೊಳ್ಳುವ ಹಾಗೆ ಉದ್ದಕ್ಕೆ ಹೊಲಿದು, ಸೊಕ್ಕೆಯ ಹೊಲದ ಹುರುಳಿ ತುಂಬಿದ್ದಳು. ಬಟ್ಟೆ ಗಿಳಿಹಸಿರು, ಕೆಂಪು ಅಂಚು. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ಅವನು ಅದರ ಮೇಲೆ ಬೆರಳಾಡಿಸಿದ. ಆ ಪೀಸು ಕೊನೆಗೂ ಅವನ ಕೈಗೆ ಬಂದಿತ್ತು, ಇನ್ನು ಅದರಲ್ಲಿ ಬ್ಲೌಸು ಹೊಲಿಯುವ ಹಾಗಿರಲಿಲ್ಲ.

“ನಾಳೆ ಹೋಗ್ತೀನಿ,” ಎಂದ, ಗಂಟನ್ನು ಎದೆಗೊತ್ತಿಕೊಂಡು. “ನಾಳೆ ಬೆಳಿಗ್ಗೆನೇ ಸೊಕ್ಕೆಗೆ ಹೋಗಿ ಕರ್ಕೊಂಡು ಬರ್ತೀನಿ.”

“ಮತ್ತೆ ನಾಳೆ ಅಂತೀಯಲ್ಲೋ!” ಎಂದು ಅನ್ನಪೂರ್ಣಮ್ಮ ಕೂಗಿಯೇ ಬಿಟ್ಟರು.

ಆ ಮಾತು ನಾಟಿತು. ಹೊರಗೆ ಹೊನ್ನಾಳಿಗೆ ಹೋಗುವ ಇನ್ನೊಂದು ಬಸ್ಸು ಬಂದು ನಿಂತಿತ್ತು. ಗುರುಬಸವರಾಜ್ ದಡಕ್ಕನೆ ಎದ್ದ. ನಿಧಾನಕ್ಕೆ ಏಳಿ ಎಂದಿದ್ದರಲ್ಲ, ಅದನ್ನು ಮರೆತಿದ್ದ. ಕ್ಯಾಲೆಂಡರು, ಸುಬಾನಸಾಬ, ಬಸ್ಸು ಎಲ್ಲವೂ ಒಂದು ಸುತ್ತು ತಿರುಗಿದವು. ಇಬ್ಬರು ಹಿಡಿದು ಕೂರಿಸಿದರು. ಮಹೇಶ್ವರಪ್ಪ “ಹೋಲ್ಡಾನ್!” ಎಂದು ಕೂಗುತ್ತ ಓಡುವಷ್ಟರಲ್ಲಿ ಬಸ್ಸು ತಿರುವಿನಲ್ಲಿ ಮರೆಯಾಯಿತು.

ಸುಬಾನಸಾಬ ತಮ್ಮ ಹೂವಿನ ದಿಂಬನ್ನು ಅವನ ಕೊರಳಿಂದ ಬಿಚ್ಚಿ, ಆ ಹುರುಳಿಯ ಗಂಟನ್ನು ಮೆಲ್ಲಗೆ ಹೊದಿಸಿದರು. ಆಮೇಲೆ ಒಬ್ಬರೇ ಮಷೀನನ್ನು ಎಳೆದು ಎಳೆದು ಮತ್ತೆ ರಸ್ತೆಯ ಕಡೆಗೆ ತಿರುಗಿಸಿದರು. ಗುರುಬಸವರಾಜನ ಕುತ್ತಿಗೆ ತಾನಾಗಿಯೇ ಹೊನ್ನಾಳಿ ಕಡೆಗೆ ಹೊರಟಿತು.

“ಕುಂಯ್” ಎಂದಿತು.

ಅವನು ಎರಡೂ ಕೈಯಲ್ಲಿ ಫೋನು ಬಾಚಿಕೊಂಡು ಕಿವಿಗೊತ್ತಿಕೊಂಡ. “ಸಂಧ್ಯಾ? ಹಲೋ, ಸಂಧ್ಯಾ? ಇಗೋ ಬಂದೆ ಕಣೇ, ಕೇಳಿಸ್ತೈತಾ?”

ಈ ಸಲ ಕುಂಯ್ ಎಂದದ್ದು ಕಿವಿ.